ಷಾ ಅಬ್ಬಾಸನ ರಾಯಭಾರಿ ಶೆರ್ಲಿ ಅಲ್ಲ

ಮತ್ತೆ ಅದೇ ಥರದ ವಿಡಿಯೊ. ಪರ್ಷಿಯಾಕ್ಕೆ ಫಿರಂಗಿ ಕಲಿಸಿದ್ದೂ ಆಂಥೋನಿ ಶೆರ್ಲಿಯಂತೆ, ಯುರೋಪಿನ ದೊರೆಗಳ ಜೊತೆ ಮೈತ್ರಿಗೆ ಓಡಾಡಿದ್ದೂ ಅವನೇ ಅಂತೆ. ಹುಸೇನ್ ಅಲಿ ಬೇಗ್ ಬಯಾತ್‌ನ ಹೆಸರೇ ಇಲ್ಲ. ನೋಡಿ ಮೈ ಉರಿಯಿತು.

1599ರಲ್ಲಿ ಇಸ್ಫಹಾನಿನಿಂದ ಹೊರಟ ದೂತರ ತಂಡಕ್ಕೆ ಪರ್ಷಿಯಾದ ದೊರೆ ಷಾ ಅಬ್ಬಾಸನ ಸ್ವಂತ ರಾಯಭಾರಿ ಹುಸೇನ್ ಅಲಿ ಬೇಗ್. ಶೆರ್ಲಿ ಹಿಂದಿನ ವರ್ಷವಷ್ಟೇ ಬಂದಿಳಿದಿದ್ದ ಇಂಗ್ಲಿಷ್ ಸಾಹಸಿ. ಅವನ ಕೈಗೂ ಷಾ ಪತ್ರಗಳನ್ನು ಕೊಟ್ಟಿದ್ದ. ಇಬ್ಬರಲ್ಲಿ ಯಾರು ಮೇಲು ಅನ್ನುವುದು ಇತ್ಯರ್ಥವಾಗಲೇ ಇಲ್ಲ. ಕೆಲಸ ಕೆಟ್ಟಿದ್ದು ಅಲ್ಲೇ.

ಯುರೋಪಿಗೆ ನೇರ ದಾರಿ ಆಟೋಮನ್ ತುರ್ಕರ ನಾಡಿನೊಳಗೆ ಹಾದುಹೋಗುತ್ತಿತ್ತು. ಕೂಟ ಕಟ್ಟಲು ಹೊರಟಿದ್ದು ಅವರ ಮೇಲೇ. ಹಾಗಾಗಿ ಕ್ಯಾಸ್ಪಿಯನ್ ದಾಟಿ, ವೋಲ್ಗಾ ಹಿಡಿದು ಮಾಸ್ಕೋ, ಅಲ್ಲಿಂದ ಉತ್ತರದ ಆರ್ಕೇಂಜೆಲ್ ಬಂದರು, ಆಮೇಲೆ ನಾರ್ವೆ ಸುತ್ತಿ ಜರ್ಮನಿ. ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫನನ್ನು ಕಾಣುವ ಹೊತ್ತಿಗೆ 1600 ಮುಗಿಯುತ್ತ ಬಂದಿತ್ತು. ಆಟೋಮನ್ ಸುಲ್ತಾನನ ಜೊತೆ ವ್ಯಾಪಾರವಿದ್ದ ವೆನಿಸ್ ಇವರನ್ನು ಬರಮಾಡಿಕೊಳ್ಳಲಿಲ್ಲ.

ಉಡುಗೊರೆಗಳ 32 ಪೆಟ್ಟಿಗೆಗಳನ್ನು ಆರ್ಕೇಂಜೆಲ್‌ನಲ್ಲಿ ಬೇರೆ ಹಡಗಿಗೆ ಹಾಕಿಸಿ ರೋಮ್‌ಗೆ ಕಳಿಸೋಣ ಎಂದವನು ಶೆರ್ಲಿ. ಅವು ತಲುಪಲೇ ಇಲ್ಲ. ಶೆರ್ಲಿಯೇ ಇಂಗ್ಲಿಷ್ ವ್ಯಾಪಾರಿಗಳಿಗೆ ಮಾರಿಕೊಂಡ ಎಂದು ಪರ್ಷಿಯನ್ನರು ದೂರಿದರು. ಬರಿಗೈಯಲ್ಲಿ ಪೋಪನ ಮುಂದೆ ಹೋಗುವುದು ಹೇಗೆ? 1601ರಲ್ಲಿ ರೋಮ್‌ನಲ್ಲಿ ಇಬ್ಬರ ಜಗಳ ಎಷ್ಟಕ್ಕೆ ಹೋಯಿತೆಂದರೆ, ಪೋಪ್ ಎಂಟನೇ ಕ್ಲೆಮೆಂಟ್ ಬೇರೆ ಬೇರೆಯಾಗಿ ದರ್ಶನ ಕೊಡಬೇಕಾಯಿತು. ಶೆರ್ಲಿ ಅಲ್ಲೇ ತಂಡವನ್ನು ಕೈಬಿಟ್ಟ. ಸ್ಪೇನಿನವರೆಗೆ ಹೋಗಿ ಮೂರನೇ ಫಿಲಿಪನನ್ನು ಕಂಡವನು ಹುಸೇನ್ ಅಲಿ ಬೇಗ್. ಅಲ್ಲಿ ಅವನ ಸ್ವಂತ ಕಾರ್ಯದರ್ಶಿಗಳೇ ಕ್ರೈಸ್ತರಾದರು. ಅವರಲ್ಲೊಬ್ಬ ಉರೂಜ್ ಬೇಗ್; ಡಾನ್ ಹುವಾನ್ ಎಂದು ಹೆಸರಾದವನು. ಇಷ್ಟೆಲ್ಲ ನುಂಗಿಕೊಂಡವನಿಗೆ ವಿಡಿಯೊದಲ್ಲಿ ಒಂದು ಸಾಲೂ ಇಲ್ಲ!

'ಶೆರ್ಲಿ ಇಲ್ಲದಿದ್ದರೆ ಯುರೋಪಿನ ಅರಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ' ಅನ್ನುವವರಿದ್ದಾರೆ. ಅವನಿಗೆ ಅಲ್ಲಿನ ರೀತಿನೀತಿ ಗೊತ್ತಿತ್ತು, ನಿಜ. ಆದರೆ ರುಡಾಲ್ಫ್ 1593ರಿಂದ ಸುಲ್ತಾನನ ಜೊತೆ ಯುದ್ಧದಲ್ಲಿದ್ದ, ಪರ್ಷಿಯಾದ ದೂತ ಅವನಿಗೇ ಬೇಕಾಗಿದ್ದ. ಫಿರಂಗಿಯ ಮಾತಂತೂ ಶುದ್ಧ ಸುಳ್ಳು: 1528ರ ಜಾಮ್ ಕದನದಲ್ಲೇ ಅಬ್ಬಾಸನ ಅಜ್ಜ ಷಾ ತಹಮಾಸ್ಪ್ ಉಜ್ಬೆಕರ ಮೇಲೆ ಗಾಡಿಗಳ ಮೇಲಿನ ಫಿರಂಗಿ ಹಾರಿಸಿದ್ದ. ಶೆರ್ಲಿ ಆಗ ಹುಟ್ಟೇ ಇರಲಿಲ್ಲ.

ಅಬ್ಬಾಸ್ ಯಾರ ದಾರಿಯನ್ನೂ ಕಾಯಲಿಲ್ಲ. 1603ರಲ್ಲಿ ತಾನೇ ಆಟೋಮನ್ನರಿಂದ ತಬ್ರಿಜ್ ನಗರ ಗೆದ್ದುಕೊಂಡ. 1606ರಲ್ಲಿ ರುಡಾಲ್ಫನ ಮನೆತನದ ಹ್ಯಾಬ್ಸ್‌ಬರ್ಗರು ಅವನನ್ನು ಬಿಟ್ಟು ಸುಲ್ತಾನನ ಜೊತೆ ಸಂಧಿ ಮಾಡಿಕೊಂಡರು.