ಮುರಿದ ಕುತ್ತಿಗೆಗೆ ತಂಪು ಚಿಕಿತ್ಸೆ: ಬೇಕಾ, ಬೇಡ್ವಾ?

ಪರ: ಮೊದಲ ಗಂಟೆಗಳನ್ನು ಸುಮ್ನೆ ಕಳೆಯಬಾರದು

2007ರ ಸೆಪ್ಟೆಂಬರ್ 9, ಭಾನುವಾರ. ಅಮೆರಿಕದ ಫುಟ್‌ಬಾಲ್ ಪಂದ್ಯ. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅವರ ಫುಟ್‌ಬಾಲ್. ಬಫಲೋ ಬಿಲ್ಸ್ ತಂಡದ ಕೆವಿನ್ ಎವರೆಟ್ ಎದುರಾಳಿಯನ್ನು ತಡೆಯಲು ಓಡಿದರು. ತಲೆ ಬಡಿಯಿತು. ಬೋರಲಾಗಿ ಬಿದ್ದವರು ಮತ್ತೆ ಅಲ್ಲಾಡಲಿಲ್ಲ. ಕುತ್ತಿಗೆಯ 3 ಮತ್ತು 4ನೇ ಮೂಳೆಗಳ ನಡುವೆ ಕೀಲು ತಪ್ಪಿತ್ತು. ತಂಡದ ಮೂಳೆ ವೈದ್ಯ ಆಂಡ್ರ್ಯೂ ಕಪ್ಪುಚಿನೊ ಆಂಬುಲೆನ್ಸ್‌ನಲ್ಲೇ ತಣ್ಣನೆಯ ಸಲೈನ್ ಹಾಕಿಸಿದರು. ಅದೇ ಡಿಸೆಂಬರ್‌ನಲ್ಲಿ ಎವರೆಟ್ ತಮ್ಮ ಕಾಲ ಮೇಲೆ ನಡೆದುಕೊಂಡು ಕ್ರೀಡಾಂಗಣಕ್ಕೆ ಬಂದರು.

ಇದು ಪವಾಡ ಅಂತ ನಾನು ಹೇಳುತ್ತಿಲ್ಲ. ಆದರೆ ಇದರ ಹಿಂದೆ ಲೆಕ್ಕ ಇದೆ. ಬೆನ್ನುಹುರಿ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಸುತ್ತ ಮೂಳೆಯ ಗೋಡೆ. ಪೆಟ್ಟು ಬಿದ್ದ ಜಾಗ ಊದಿಕೊಂಡರೆ ಹಿಗ್ಗಲು ಜಾಗವೇ ಇಲ್ಲ. ರಕ್ತ ಹೋಗುವುದು ಕಡಿಮೆಯಾಗುತ್ತದೆ. ಸಾಯುತ್ತಿರುವ ನರಕೋಶಗಳಿಂದ ಗ್ಲುಟಮೇಟ್ ಅನ್ನುವ ರಾಸಾಯನಿಕ ಸೋರಿ ಪಕ್ಕದ ಕೋಶಗಳನ್ನೂ ಸಾಯಿಸುತ್ತದೆ. ಪೆಟ್ಟು ಒಂದು ಕ್ಷಣದ್ದು. ಈ ಎರಡನೇ ಹಾನಿ ಮಾತ್ರ ದಿನಗಟ್ಟಲೆ ನಡೆಯುತ್ತಲೇ ಇರುತ್ತದೆ. ಮೈ ತಣ್ಣಗಾದರೆ ಕೋಶಗಳಿಗೆ ಬೇಕಾಗುವ ಆಮ್ಲಜನಕ ಕಡಿಮೆಯಾಗುತ್ತದೆ, ಊತವೂ ಇಳಿಯಬಹುದು. ಬೆಂಕಿ ಆರಿಸಲು ಆಗದಿದ್ದರೂ ಉರಿ ಸಣ್ಣದು ಮಾಡಿದ ಹಾಗೆ.

ಅಮೆರಿಕದ ಫ್ಲಾರಿಡಾದಲ್ಲಿರುವ ಬೆನ್ನುಹುರಿ ಸಂಶೋಧನಾ ಕೇಂದ್ರ ಮಯಾಮಿ ಪ್ರಾಜೆಕ್ಟ್‌ನವರು ಇದನ್ನೇ ಮಾಡಿ ನೋಡಿದರು. ತೊಡೆಯ ರಕ್ತನಾಳದೊಳಗೆ ಒಂದು ಟ್ಯೂಬು. ತಣ್ಣನೆಯ ಸಲೈನ್ ಅದರೊಳಗೇ ಸುತ್ತುತ್ತದೆ, ರಕ್ತಕ್ಕೆ ಬೆರೆಯುವುದಿಲ್ಲ. ಮೈ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಅಲ್ಲೇ 48 ಗಂಟೆ. ಆಮೇಲೆ ಗಂಟೆಗೆ 0.1 ಡಿಗ್ರಿಯಂತೆ ನಿಧಾನವಾಗಿ ಬಿಸಿ. ಸ್ವಾಧೀನ, ಸ್ಪರ್ಶ ಎರಡೂ ಪೂರ್ತಿ ಹೋಗಿದ್ದ 14 ಜನರಲ್ಲಿ 6 ಜನರಿಗೆ ಸ್ವಲ್ಪವಾದರೂ ವಾಪಸ್ ಬಂತು. ‘ಏನೂ ಮಾಡೋಕಾಗಲ್ಲ’ ಅಂತ ಕೇಳಿಸಿಕೊಂಡ ಮನೆಯವರ ಮುಂದೆ ಈ 6 ಸಣ್ಣ ಸಂಖ್ಯೆಯಲ್ಲ.

ವಿರೋಧ: 14 ಜನರನ್ನು ನೋಡಿ ಎಲ್ಲರನ್ನೂ ತಣ್ಣಗೆ ಮಾಡಬೇಕಾ?

ಎವರೆಟ್ ಕಥೆ ನನಗೂ ಇಷ್ಟ. ಆದರೆ ಅವರಿಗೆ ಸಿಕ್ಕಿದ್ದು ಬರೀ ತಣ್ಣನೆಯ ಸಲೈನ್ ಅಲ್ವಲ್ಲ. ಮೈದಾನದಲ್ಲೇ ವೈದ್ಯರಿದ್ದರು. ಕುತ್ತಿಗೆ ಅಲ್ಲಾಡದಂತೆ ಹಿಡಿದರು. ಸ್ಟೆರಾಯ್ಡ್ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿ ಹುರಿಯ ಮೇಲಿನ ಒತ್ತಡ ತೆಗೆದರು. ಇದರಲ್ಲಿ ಯಾವುದು ಕೆಲಸ ಮಾಡಿತು ಅಂತ ಒಬ್ಬ ರೋಗಿಯನ್ನು ನೋಡಿ ಹೇಳಲು ಆಗುವುದಿಲ್ಲ. ಮಯಾಮಿಯ 14 ಜನರದ್ದೂ ಇದೇ ತೊಂದರೆ. ಚೀಟಿ ಎತ್ತಿ ಅರ್ಧ ಜನರಿಗೆ ಕೊಟ್ಟು, ಅರ್ಧ ಜನರಿಗೆ ಕೊಡದೆ ಹೋಲಿಸಿದ ಪರೀಕ್ಷೆ ಅದಲ್ಲ. ಏನೂ ತಂಪು ಮಾಡದಿದ್ದರೂ ಕೆಲವರಿಗೆ ಸ್ವಲ್ಪ ಸ್ವಾಧೀನ ತಾನಾಗಿಯೇ ಬರುತ್ತದೆ.

ಆ ಸ್ಟೆರಾಯ್ಡ್ ಕಥೆಯನ್ನೇ ನೋಡಿ. 1990ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಪೆಟ್ಟು ಬಿದ್ದ 8 ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಕೊಡಿ ಅಂತ. ಎಷ್ಟೋ ಕಡೆ ಕೊಟ್ಟರು. 2013ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿಯೇ ಬೇಡ ಅಂದಿತು.

ತಂಪಿನ ಕಥೆ ನಮ್ಮ ಹತ್ತಿರವೂ ಬಂದಿದೆ. ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳಿಗೆ ಶ್ರೀಮಂತ ದೇಶಗಳಲ್ಲಿ ಮೈ ತಂಪು ಮಾಡುತ್ತಾರೆ, ಅಲ್ಲಿ ಅದು ಫಲ ಕೊಟ್ಟಿದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 7 ಆಸ್ಪತ್ರೆಗಳಲ್ಲಿ 408 ಮಕ್ಕಳ ಮೇಲೆ ಪರೀಕ್ಷಿಸಿದರು. ಬೆಂಗಳೂರೂ ಅದರಲ್ಲಿತ್ತು. 2021ರಲ್ಲಿ ಫಲಿತಾಂಶ ಬಂತು: ತಂಪು ಮಾಡಿದ ಮಕ್ಕಳಲ್ಲೇ ಸಾವು ಜಾಸ್ತಿ. ಇದನ್ನು ಓದಿದ ದಿನ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಮಗುವಿನ ಮೆದುಳೇ ಬೇರೆ, ದೊಡ್ಡವರ ಬೆನ್ನುಹುರಿಯೇ ಬೇರೆ, ನಿಜ. ಆದರೂ ಒಂದು ಕಡೆ ಫಲ ಕೊಟ್ಟಿದ್ದು ಇನ್ನೊಂದು ಕಡೆ ಹಾಗೇ ಫಲ ಕೊಡುತ್ತದೆ ಅನ್ನುವ ಧೈರ್ಯ ನನಗೆ ಹೋಯಿತು.

ಇನ್ನು ಐಸಿಯು ಮಂಚದ ಪಕ್ಕ ನಿಂತು ನೋಡಿ. ಕುತ್ತಿಗೆ ಮುರಿದವರ ನಾಡಿ ಮೊದಲೇ ನಿಧಾನ, ಬಿಪಿ ಮೊದಲೇ ಕೆಳಗೆ. ಹುರಿಗೆ ರಕ್ತ ಹೋಗಲಿ ಅಂತ ವೈದ್ಯರು ಬಿಪಿ ಎತ್ತಲು ಒದ್ದಾಡುತ್ತಿರುತ್ತಾರೆ. ತಂಪು ನಾಡಿಯನ್ನು ಇನ್ನಷ್ಟು ಇಳಿಸುತ್ತದೆ. ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವುಗಳ ಭಯ ಬೇರೆ. ನಡುಕ ನಿಲ್ಲಿಸಲು ಮತ್ತಿನ ಔಷಧ ಬೇಕು. ಮತ್ತಿನಲ್ಲಿರುವವರಿಗೆ ‘ಹೆಬ್ಬೆರಳು ಅಲ್ಲಾಡಿಸಿ’ ಅಂದರೆ ಏನು ಗೊತ್ತಾಗುತ್ತದೆ? ಹುಷಾರಾಗುತ್ತಿದ್ದಾರಾ ಇಲ್ವಾ ಅಂತ ನೋಡುವ ಕಿಟಕಿಯನ್ನೇ ಮುಚ್ಚಿದಂತೆ.

ಪರೀಕ್ಷೆ ನಡೆಯಲಿ, ನನ್ನ ತಕರಾರಿಲ್ಲ. ಅಲ್ಲಿವರೆಗೆ ನನ್ನ ತಲೆಯಲ್ಲಿರುವುದು ಬಫಲೋ ಅಲ್ಲ, ಅಡಿಕೆ ಮರದಿಂದ ಬಿದ್ದವನು. ಒಬ್ಬರು ಕಂಕುಳಿಗೆ ಕೈ ಹಾಕಿ, ಇನ್ನೊಬ್ಬರು ಕಾಲು ಹಿಡಿದು, ಅವನನ್ನು ಮಡಚಿ ಆಟೋದ ಹಿಂದಿನ ಸೀಟಿಗೆ ತುರುಕುತ್ತಾರೆ. ತಲೆ ಒಂದು ಕಡೆ ಜೋತಾಡುತ್ತಿರುತ್ತದೆ. ಅವನಿಗೆ ಆಗ ಬೇಕಿರುವುದು ಒಂದು ಗಟ್ಟಿ ಹಲಗೆ, ತಲೆಯ ಎರಡೂ ಕಡೆ ಸುತ್ತಿಟ್ಟ ಟವೆಲ್ಲು, ಮತ್ತು ‘ಏಯ್, ಕುತ್ತಿಗೆ ಅಲ್ಲಾಡಿಸಬೇಡ್ರೋ’ ಅಂತ ಕೂಗುವ ಒಬ್ಬರು.