ಕೈ ಸುಡೋ ನಿಯಮ

ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನಿಗೆ ಒಂದು ಗಳಿಗೆಯ ಯಜಮಾನಿಕೆ, ಅಂದರೆ ‘ರೂಟ್’ ಪಟ್ಟ, ಕೊಡುವ ಕಮಾಂಡಿನ ಹೆಸರು ‘ಸುಡೋ’. ಕನ್ನಡದಲ್ಲಿ ಬರೆದು ನೋಡಿದ ದಿನವೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಯಾರು ಯಾವ ಕಮಾಂಡ್ ಓಡಿಸಬಹುದೆಂಬ ನಮ್ಮ ನಿಯಮಗಳೆಲ್ಲ ಇರುವುದು ಎಲ್‌ಡ್ಯಾಪ್ ಡೈರೆಕ್ಟರಿ ಸರ್ವರಿನಲ್ಲಿ, ಅಂದರೆ ಮಷೀನುಗಳೆಲ್ಲ ಕೇಳಿ ತಿಳಿಯುವ ಒಂದು ಕೇಂದ್ರ ದಫ್ತರದಲ್ಲಿ. ಟ್ರೈನಿಗಳು ಸಿಕ್ಕ ಸಿಕ್ಕ ಸರ್ವಿಸನ್ನು ರೀಸ್ಟಾರ್ಟ್ ಮಾಡುತ್ತಿದ್ದರೆಂದು ಅವರ ಗುಂಪಿಗೆ ‘ಎಲ್ಲವೂ ಸರಿ, ಸಿಸ್ಟಮ್‌ಸಿಟಿಎಲ್ ಮಾತ್ರ ಕೂಡದು’ ಎಂದು ನಿಯಮ ಬರೆದೆ. ಸರ್ವಿಸುಗಳನ್ನು ನಿಲ್ಲಿಸುವ, ಎಬ್ಬಿಸುವ ಕಮಾಂಡ್ ಅದು. ‘ಕೂಡದು’ ಅನ್ನಲು ಕಮಾಂಡಿನ ಹೆಸರಿಗೆ ಮೊದಲು ಆಶ್ಚರ್ಯಸೂಚಕ ಚಿಹ್ನೆ ಹಾಕಿದರಾಯಿತು. ಆಶ್ಚರ್ಯ ಆಮೇಲೆ ಬರುತ್ತದೆ. ಪರೀಕ್ಷೆಗೆಂದು ಆ ಗುಂಪಿಗೆ ನನ್ನನ್ನೂ ಸೇರಿಸಿಕೊಂಡೆ. ಹೇಗೂ ನನ್ನ ಅಡ್ಮಿನ್ ನಿಯಮಕ್ಕೆ ‘ಸುಡೋಆರ್ಡರ್’ ಎಂಬ ಆಟ್ರಿಬ್ಯೂಟಿನಲ್ಲಿ (ನಿಯಮದ ಸರದಿ ಹೇಳುವ ಸಾಲು) 10 ಎಂದು ಕೊಟ್ಟಿದ್ದೆನಲ್ಲ. ಅಂಕಿ ದೊಡ್ಡದಿದ್ದವನದೇ ಕೊನೆಯ ಮಾತು.

ಸರ್ವರ್ ಒಪ್ಪಲಿಲ್ಲ. ಎರರ್ 17: ಇಂಥ ಆಟ್ರಿಬ್ಯೂಟೇ ಗೊತ್ತಿಲ್ಲ. ಅದು ಬಂದದ್ದು ಸುಡೋ 1.7.5ರಲ್ಲಿ, ಯಾವ ಯಾವ ಆಟ್ರಿಬ್ಯೂಟ್ ಇರಬಹುದೆಂದು ಸರ್ವರಿಗೆ ಹೇಳುವ ನಮ್ಮ ಸ್ಕೀಮಾ ಫೈಲು ಅದಕ್ಕೂ ಹಿಂದಿನದು. ಯಾರೋ ಪುಣ್ಯಾತ್ಮರು ಹಳೆ ಸರ್ವರಿನಿಂದ ಹೊಸದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹಾಗೇ ಹೊತ್ತು ತಂದಿದ್ದರು. ಹೊಸ ಸ್ಕೀಮಾ ಹಾಕುವುದು ಹತ್ತು ನಿಮಿಷದ ಕೆಲಸ. ನಾನು ಹತ್ತು ಸೆಕೆಂಡಿನಲ್ಲಿ ಮುಗಿಸಿದೆ: ಸುಡೋಆರ್ಡರ್ ಸಾಲನ್ನೇ ಅಳಿಸಿಬಿಟ್ಟೆ. ಸರ್ವರ್ ತೆಪ್ಪಗೆ ನುಂಗಿಕೊಂಡಿತು.

ಆರ್ಡರ್ ಇಲ್ಲದ ನಿಯಮಗಳೆಲ್ಲ ಸೊನ್ನೆಗೆ ಸಮ. ಅವುಗಳಲ್ಲಿ ಯಾವುದು ಕೊನೆಗೆ ನಿಲ್ಲುತ್ತದೋ ದೇವರೇ ಬಲ್ಲ. ನನ್ನ ಪಾಲಿಗೆ ನಿಂತದ್ದು ಟ್ರೈನಿಗಳದು. ಬೆಳಗ್ಗೆ ನಿಂತುಹೋದ ವೆಬ್ ಸರ್ವರನ್ನು ಎಬ್ಬಿಸಹೋದರೆ, ಈ ಕಮಾಂಡಿಗೆ ನಿಮಗೆ ಅಪ್ಪಣೆಯಿಲ್ಲ ಎಂಬ ಉತ್ತರ. ಮೊದಲು ಬೈದದ್ದು ನೆಟ್‌ವರ್ಕಿಗೆ, ಆಮೇಲೆ ಕೀಬೋರ್ಡಿಗೆ. ಕೊನೆಗೆ, ನನಗೆ ಏನೇನು ಅಪ್ಪಣೆಯಿದೆ ಎಂದು ಪಟ್ಟಿ ತೋರಿಸುವ ‘ಸುಡೋ ಮೈನಸ್ ಎಲ್’ ಹೊಡೆದಾಗ ನನ್ನದೇ ಆಶ್ಚರ್ಯಸೂಚಕ ಕಣ್ಣಿಗೆ ರಾಚಿತು.

ಹಲ್ಲು ಕಚ್ಚಿ ಹೊಸ ಸ್ಕೀಮಾ ಹಾಕಿದೆ, 10ನ್ನು ಮತ್ತೆ ಕೂರಿಸಿದೆ. ಆದರೂ ಅದೇ ಉತ್ತರ. ಮಷೀನಿನಲ್ಲಿರುವ ಎಸ್‌ಎಸ್‌ಎಸ್‌ಡಿ ಎಂಬ ಸರ್ವಿಸು ಡೈರೆಕ್ಟರಿಯ ನಿಯಮಗಳ ನಕಲು ಇಟ್ಟುಕೊಂಡಿರುತ್ತದೆ. ಬದಲಾವಣೆ ಏನಾದರೂ ಆಗಿದೆಯೇ ಎಂದು ಅದು ಇಣುಕುವುದು 15 ನಿಮಿಷಕ್ಕೊಮ್ಮೆ. ಅಷ್ಟು ಹೊತ್ತು ತಾಳಲಾರೆವೆಂದರೆ ಅದನ್ನೇ ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಮಾಡಲು ಬೇಕಾದದ್ದು ಸಿಸ್ಟಮ್‌ಸಿಟಿಎಲ್.

ಗಡಿಯಾರ ನೋಡುತ್ತ ಕೂತಿದ್ದೆ. ಹಿಂದೆ ನಿಂತಿದ್ದ ಟ್ರೈನಿ ಹುಡುಗಿ ಮೆಲ್ಲಗೆ ಕೇಳಿದಳು: “ಸಾರ್, ಸುಡೋ ಬ್ಯಾಶ್ ಅಂತ ಹೊಡೆದು ರೂಟ್ ಶೆಲ್ ಒಳಗೆ ಹೋದ್ರೆ ಸಿಸ್ಟಮ್‌ಸಿಟಿಎಲ್ ನಡಿಯತ್ತಲ್ವಾ? ಬೆಳಗ್ಗೆಯಿಂದ ನಾವೆಲ್ಲ ಹಾಗೇ ಮಾಡ್ತಿದೀವಿ.”