ನಲಿ-ಕಲಿ ಫೋನಿನಲ್ಲಿ ನಡೆಯುವುದಿಲ್ಲ ಸಾರ್

ಕೊರೊನಾ ಕಾಲದಲ್ಲಿ ಚಿಕ್ಕ ಮಕ್ಕಳ ಶಾಲೆಯನ್ನು ಕೊನೆಗೆ ತೆರೆದದ್ದೇ ಸರಿ, ಫೋನಿನಲ್ಲಿ ಪಾಠ ನಡೀತಿತ್ತಲ್ಲ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ತರಗತಿ ತಗೊಳ್ಳುವವಳು ನಾನು. 2020ರ ಮಾರ್ಚ್‌ನಲ್ಲಿ ಒಂದನೇ ಕ್ಲಾಸಿನಲ್ಲಿದ್ದ ಮಗು, 2021ರ ಅಕ್ಟೋಬರ್ 25ಕ್ಕೆ ಶಾಲೆ ತೆರೆದಾಗ ಬಂದು ಕೂತದ್ದು ಮೂರನೇ ಕ್ಲಾಸಿನಲ್ಲಿ! ಒತ್ತಕ್ಷರ ಹೋಗಲಿ, ಕಾಗುಣಿತವೇ ಮರೆತುಹೋಗಿತ್ತು.

ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೊತೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಿತ್ತು, ಅಷ್ಟೊತ್ತಿಗೆ ಮಗು ಮಲಗಿರುತ್ತಿತ್ತು. ನಲಿ-ಕಲಿ ಅಂದರೆ ನಾಲ್ಕೈದು ಮಕ್ಕಳು ಸುತ್ತ ಕೂತು, ಕಾರ್ಡು ಕೈಯಲ್ಲಿ ಹಿಡಿದು, ಒಬ್ಬರಿಂದ ಒಬ್ಬರು ಕಲಿಯುವುದು. ಅದನ್ನು ಪರದೆಯಲ್ಲಿ ಹೇಗೆ ಮಾಡೋದು, ನೀವೇ ಹೇಳಿ.

ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಜಗಲಿ ಮೇಲೆ, ಮರದ ಕೆಳಗೆ ಕೂರಿಸಿ ಹೇಳಿಕೊಟ್ಟೆವು. 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಸೋಂಕಿನ ಭಯ ನಮಗೂ ಇತ್ತು, ಸುಮ್ನೆ ಧೈರ್ಯದ ಮಾತಾಡುತ್ತಿಲ್ಲ. ಆದರೆ ದೊಡ್ಡ ಮಕ್ಕಳು ಪುಸ್ತಕ ಹಿಡಿದು ಸ್ವಲ್ಪವಾದರೂ ಓದಿಕೊಳ್ಳಬಲ್ಲರು, ಅಕ್ಷರವೇ ಬಾರದ ಮಗು ಏನು ಓದಬೇಕು? ಬಿಸಿಯೂಟದ ಬದಲು ಅಕ್ಕಿ-ಬೇಳೆ ಮನೆಗೆ ಕೊಟ್ಟೆವು ನಿಜ, ಅದು ಇಡೀ ಮನೆಯ ಪಾತ್ರೆಗೆ ಹೋಗುತ್ತದೆ ಅಲ್ವಾ, ಮಗುವಿನ ತಟ್ಟೆಗೆ ಬಂದದ್ದೆಷ್ಟು? ತೆರೆದ ಮೊದಲ ವಾರ ನಮ್ಮಲ್ಲಿ ಒಂದು ಹುಡುಗಿ ಸಂಜೆ ಮನೆಗೆ ಹೊರಡುವಾಗ ನನ್ನ ಸೆರಗು ಹಿಡಿದು, "ಮಿಸ್, ನಾಳೆನೂ ಸ್ಕೂಲ್ ಇರುತ್ತಾ?" ಎಂದು ದಿನಾ ಕೇಳುತ್ತಿದ್ದಳು.